ನಳ್ಳಿ ಉದುರಿದರೆ ಮೊದಲು ಕೊಯ್ದು ನೋಡಿ: ನಾತದ ತಿಗಣೆಯ ಕುರಿತು ಒಂದು ಪಾಠ



ಪಂಪ್‌ವೆಲ್ ಬಳಿಯ ನಮ್ಮ ಸಂಘದ ಕಚೇರಿಗೆ ಜೂನ್ ತಿಂಗಳಲ್ಲಿ ಬರುವ ಸದಸ್ಯರಲ್ಲಿ ಅನೇಕರ ಒಂದು ಕೈಯಲ್ಲಿ ಒದ್ದೆ ಕೊಡೆ, ಇನ್ನೊಂದು ಕೈಯಲ್ಲಿ ಉದುರಿದ ನಳ್ಳಿಯ ಪೊಟ್ಟಣ. ಕಳೆದ ಮಳೆಗಾಲದ ಆರಂಭದಲ್ಲಿ ಹಿರಿಯ ಸದಸ್ಯರೊಬ್ಬರು ಅಂಥ ಪೊಟ್ಟಣವನ್ನು ನನ್ನ ಮೇಜಿನ ಮೇಲೆ ಸುರಿದು, "ಈ ವರ್ಷ ಕೊಳೆರೋಗ ಬೇಗ ಬಂತು ಮಾರಾಯ್ರೆ. ಮೈಲುತುತ್ತು ಉಂಟಾ?" ಎಂದು ಕೇಳಿದರು.

"ಮೈಲುತುತ್ತು ಉಂಟು. ಆದರೆ ಕೊಳೆರೋಗ ಅಂತ ನಿಮಗೆ ಹೇಳಿದ್ದು ಯಾರು?" ಎಂದೆ.

"ಹೇಳುವುದೆಂತ? ನಳ್ಳಿ ಉದುರುವುದು ಕಾಣುವುದಿಲ್ವಾ?"

ಮೇಜಿನ ಚೂರಿಯಿಂದ ಹತ್ತು ನಳ್ಳಿಗಳನ್ನು ಸೀಳಿದೆ. ಸಿಪ್ಪೆ ಹಸಿರಾಗಿಯೇ ಇತ್ತು. ನೀರಿಳಿದ ಕಲೆಯಾಗಲಿ ಬಿಳಿ ಬೂಷ್ಟಾಗಲಿ ಇರಲಿಲ್ಲ. ಆದರೆ ಆರು ನಳ್ಳಿಗಳ ಸಿಪ್ಪೆಯ ಮೇಲೆ ಸೂಜಿಯ ಮೊನೆಯಷ್ಟು ಕಪ್ಪು ಚುಕ್ಕೆ; ಅದರ ನೇರಕ್ಕೆ ಒಳಗಿನ ಎಳೆಯ ತಿರುಳಿನಲ್ಲಿ ಕಂದು ಕಲೆ. ಅದು ಕೊಳೆರೋಗವಲ್ಲ, ತಿಗಣೆಯ ಕೆಲಸ. ಅದಕ್ಕೆ ಎಷ್ಟು ಬೋರ್ಡೋ ದ್ರಾವಣ ಬಿಟ್ಟರೂ ಪ್ರಯೋಜನವಿಲ್ಲ. ಬೋರ್ಡೋ ಶಿಲೀಂಧ್ರವನ್ನು ತಡೆಯುವ ಮದ್ದೇ ಹೊರತು ರಸ ಹೀರುವ ಕೀಟವನ್ನು ಕೊಲ್ಲುವ ಮದ್ದಲ್ಲ.

ಈ ಸಂಚಿಕೆಯ ಪಾಠ ಈ ಕೀಟದ ಬಗೆಗೆ. ಗುರುತಿಸುವುದು ಹೇಗೆ, ಲೆಕ್ಕ ಇಡುವುದು ಹೇಗೆ, ಏನು ಮಾಡಬೇಕು, ಏನು ಮಾಡಬಾರದು ಎಂಬ ನಾಲ್ಕು ವಿಷಯಗಳನ್ನು ಕ್ರಮವಾಗಿ ನೋಡೋಣ.

ಕೀಟದ ಪರಿಚಯ

ನಾತದ ತಿಗಣೆಗಳದು ಒಂದು ದೊಡ್ಡ ಕುಟುಂಬ. ವಿಜ್ಞಾನಿಗಳು ಇದನ್ನು ಪೆಂಟಟೋಮಿಡೇ ಎನ್ನುತ್ತಾರೆ. ಮೈ ಗುರಾಣಿಯಂತೆ ಚಪ್ಪಟೆ, ಹೆಗಲು ಅಗಲ, ಕುಡಿಮೀಸೆಗೆ ಐದು ಗೆಣ್ಣು. ಮುಟ್ಟಿದರೆ ಕೆಟ್ಟ ವಾಸನೆಯ ದ್ರವವನ್ನು ಹೊರಬಿಡುತ್ತವೆ. ಬೆಳೆದ ಕೀಟದಲ್ಲಿ ಈ ಗ್ರಂಥಿಗಳು ಎದೆಯ ಕೆಳಭಾಗದಲ್ಲಿ, ಮರಿಗಳಲ್ಲಿ ಬೆನ್ನಿನ ಮೇಲೆ ಇರುತ್ತವೆ. ಬಾಯಿ ಜಗಿಯುವ ಬಾಯಿಯಲ್ಲ, ಸೂಜಿಯಂಥ ಕೊಳವೆ. ಅದನ್ನು ಕಾಯಿಗೆ ಚುಚ್ಚಿ, ಜೊಲ್ಲನ್ನು ಒಳಗೆ ಬಿಟ್ಟು, ಕರಗಿದ ರಸವನ್ನು ಹೀರುತ್ತವೆ. ಆದುದರಿಂದ ಹೊರಗೆ ಕಾಣುವ ಗಾಯ ಸಣ್ಣದು, ಒಳಗಿನ ಹಾನಿ ದೊಡ್ಡದು.

ಮೊಟ್ಟೆಗಳನ್ನು ಸಾಮಾನ್ಯವಾಗಿ ಎಲೆಯ ಅಡಿಯಲ್ಲಿ ಗುಂಪಾಗಿ, ಮಣಿ ಪೋಣಿಸಿದಂತೆ ಅಂಟಿಸುತ್ತವೆ. ಮರಿಗಳು ಐದು ಸಲ ಪೊರೆ ಕಳಚಿ ಬೆಳೆಯುತ್ತವೆ. ಮೊದಲ ಹಂತದಲ್ಲಿ ಮೊಟ್ಟೆಯ ಸುತ್ತಲೇ ಗುಂಪುಗೂಡಿ ಇದ್ದು, ನಂತರ ಚದುರುತ್ತವೆ. ಕೈಯಿಂದ ಹಿಡಿದು ನಾಶ ಮಾಡುವುದಕ್ಕೆ ಸುಲಭವಾದ ಸಮಯ ಈ ಮೊದಲ ಹಂತವೇ ಎಂಬುದನ್ನು ನೆನಪಿಡಬೇಕು.

ಅಡಿಕೆಗೆ ಬರುವುದು ಹಾಲಿಯೋಮೋರ್ಫಾ ಮಾರ್ಮೋರಿಯ ಎಂದು ಗುರುತಿಸಲಾದ ಕಂದು ಬಣ್ಣದ ತಿಗಣೆ. ಎಳೆಯಡಿಕೆ ಉದುರುವುದಕ್ಕೆ ಇದೂ ಒಂದು ಕಾರಣವೆಂದು 1980ರ ದಶಕದಲ್ಲಿ ವಿಟ್ಲದ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ತೋರಿಸಿಕೊಟ್ಟರು. 1956ರಲ್ಲಿ ಅಡಿಕೆಗಾಗಿಯೇ ಆರಂಭವಾದ ಆ ಕೇಂದ್ರ 1970ರಿಂದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಭಾಗವಾಗಿದೆ. ಅದಕ್ಕೆ ಮೊದಲು ನಮ್ಮ ಹಿರಿಯರು ಉದುರಿದ ಎಲ್ಲ ನಳ್ಳಿಯನ್ನೂ ಮಳೆಯ ಲೆಕ್ಕಕ್ಕೆ ಅಥವಾ ಕೊಳೆಯ ಲೆಕ್ಕಕ್ಕೆ ಬರೆಯುತ್ತಿದ್ದರು. ನಮ್ಮಲ್ಲಿ ಅನೇಕರು ಇಂದಿಗೂ ಹಾಗೆಯೇ ಬರೆಯುತ್ತಿದ್ದೇವೆ.

ಸುಳಿ ತಿಗಣೆ ಎಂದು ನಾವು ಕರೆಯುವುದು ಬೇರೆ ಕೀಟ. ಅದು ಕಾಯಿಗೆ ಬರುವುದಿಲ್ಲ. ಸುಳಿಯ ಮಡಿಕೆಯಲ್ಲಿದ್ದು ಎಳೆಯ ಸೋಗೆಯ ರಸ ಹೀರುತ್ತದೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಉದುರಿದ ನಳ್ಳಿ ಹೇಳುವ ಕಥೆ

ನಳ್ಳಿ ಉದುರುವುದಕ್ಕೆ ಕಾರಣ ಒಂದಲ್ಲ. ಮದ್ದಿನ ಅಂಗಡಿಗೆ ಹೋಗುವ ಮೊದಲು ಈ ಕೆಳಗಿನಂತೆ ಬೇರ್ಪಡಿಸಿಕೊಳ್ಳಿ.

1. ಸಹಜ ಉದುರುವಿಕೆ. ಪರಾಗಸ್ಪರ್ಶವಾಗದ ಹೂ, ಮರ ಹೊರಲಾರದ ಕಾಯಿ ತಾನಾಗಿ ಉದುರುತ್ತದೆ. ಸೀಳಿದರೆ ಒಳಗೆ ಕಲೆಯಿಲ್ಲ. ಬೇಸಗೆಯಲ್ಲಿ ನೀರು ಕಡಿಮೆಯಾದ ತೋಟದಲ್ಲಿ ಇದು ಹೆಚ್ಚು.

2. ಹಿಂಗಾರ ಒಣಗುವ ರೋಗ. ಬೇಸಗೆಯಲ್ಲಿ ಕಾಣುತ್ತದೆ. ಹಿಂಗಾರದ ಕಡ್ಡಿ ತುದಿಯಿಂದ ಹಳದಿಯಾಗಿ, ಕಂದಾಗಿ ಒಣಗುತ್ತಾ ಬರುತ್ತದೆ. ಗೊನೆಯ ಕಡ್ಡಿಯನ್ನು ನೋಡಿದರೆ ತಿಳಿಯುತ್ತದೆ.

3. ಕೊಳೆರೋಗ. ಮಳೆ ಹಿಡಿದ ಮೇಲೆ ಬರುತ್ತದೆ. ಕಾಯಿಯ ತೊಟ್ಟಿನ ಕಡೆಯಿಂದ ನೀರಿಳಿದಂಥ ಕಡು ಹಸಿರು ಕಲೆ ಹರಡಿ ಕಾಯಿಯ ಹೊಳಪು ಹೋಗುತ್ತದೆ. ಬಿದ್ದ ಕಾಯಿಯ ಮೇಲೆ ಒಂದೆರಡು ದಿನಗಳಲ್ಲಿ ಬಿಳಿ ಬೂಷ್ಟು ಕಾಣುತ್ತದೆ.

4. ತಿಗಣೆ. ಬೇಸಗೆಯ ಕೊನೆಯಿಂದ ಮಳೆಗಾಲದ ಮಧ್ಯದವರೆಗೆ ಕಾಟ ಹೆಚ್ಚು. ಕಾಯಿ ಹಸಿರಾಗಿಯೇ ಬೀಳುತ್ತದೆ. ಸಿಪ್ಪೆಯ ಮೇಲೆ ಚುಚ್ಚಿದ ಚುಕ್ಕೆ, ಒಳಗೆ ಕಂದು ಕಲೆ.

ಮೂರನೆಯದೂ ನಾಲ್ಕನೆಯದೂ ಜೂನ್ ತಿಂಗಳಲ್ಲಿ ಒಂದೇ ಮರದ ಬುಡದಲ್ಲಿ ಸಿಗುವುದುಂಟು. ಗೊಂದಲ ಹುಟ್ಟುವುದು ಇಲ್ಲಿಯೇ. ತಿಗಣೆ ಇದೆ ಎಂದು ತಿಳಿದವರು ಬೋರ್ಡೋ ಸಿಂಪಡಣೆಯನ್ನು ಕೈಬಿಡಬಾರದು. ಮಳೆಗೆ ಮೊದಲಿನ ಸಿಂಪಡಣೆ ಕೊಳೆರೋಗಕ್ಕಾಗಿ. ಅದು ಅದರ ಸಮಯಕ್ಕೆ ನಡೆಯಲೇಬೇಕು. ನಾನು ಹೇಳುವುದು ಇಷ್ಟೇ: ತಿಗಣೆಯಿಂದ ಉದುರುವ ಕಾಯಿಯನ್ನು ಕಂಡು ಎರಡನೆಯ, ಮೂರನೆಯ ಬೋರ್ಡೋಗೆ ಅವಸರಪಡಬೇಡಿ.

ಲೆಕ್ಕ ಇಡುವ ಕ್ರಮ

ಹಿಂದೆ ಮದ್ದು ಬಿಡುವವರು ಮರ ಹತ್ತುತ್ತಿದ್ದರು. ಗೊನೆಯ ಬಳಿ ಏನಿದೆ ಎಂಬುದನ್ನು ಕಣ್ಣಾರೆ ಕಂಡು ಇಳಿದ ಮೇಲೆ ಹೇಳುತ್ತಿದ್ದರು. ಈಗ ಅನೇಕ ತೋಟಗಳಲ್ಲಿ ಫೈಬರ್ ದೋಟಿಯಿಂದ ನೆಲದಲ್ಲಿ ನಿಂತೇ ಸಿಂಪಡಣೆ, ಕೊಯ್ಲು ಎರಡೂ ನಡೆಯುತ್ತವೆ. ಕೆಲಸಗಾರರ ಜೀವಕ್ಕೆ ಅದು ಒಳ್ಳೆಯದು. ನಾನೂ ದೋಟಿಯನ್ನೇ ಬಳಸುತ್ತೇನೆ. ಆದರೆ ಗೊನೆಯನ್ನು ಹತ್ತಿರದಿಂದ ನೋಡುವ ಕಣ್ಣು ತೋಟದಿಂದ ಹೋಯಿತು. ಆ ಕೊರತೆಯನ್ನು ನೆಲದ ಮೇಲಿನ ಲೆಕ್ಕದಿಂದ ತುಂಬಿಕೊಳ್ಳಬೇಕು.

ಕ್ರಮ ಹೀಗೆ. ತೋಟದಲ್ಲಿ ಇಪ್ಪತ್ತು ಮರಗಳನ್ನು ಗುರುತು ಮಾಡಿ. ಎಲ್ಲವೂ ಒಂದೇ ಮೂಲೆಯಲ್ಲಿ ಇರಬಾರದು. ಅಂಚಿನಲ್ಲಿ ಕೆಲವು, ತೋಡಿನ ಬದಿಯಲ್ಲಿ ಕೆಲವು, ನಡುವೆ ಕೆಲವು ಇರಲಿ. ಏಪ್ರಿಲ್ ಕೊನೆಯಲ್ಲಿ ಆ ಮರಗಳ ಬುಡವನ್ನು ಒಮ್ಮೆ ಚೊಕ್ಕ ಮಾಡಿ, ಹಳೆಯ ನಳ್ಳಿಯನ್ನೆಲ್ಲ ಹೆಕ್ಕಿ ತೆಗೆಯಿರಿ. ಅಲ್ಲಿಂದ ವಾರಕ್ಕೊಮ್ಮೆ, ಒಂದೇ ವಾರದ ದಿನ, ಬಿದ್ದ ನಳ್ಳಿಯನ್ನು ಎಣಿಸಿ. ಅದರಲ್ಲಿ ಕೈಗೆ ಸಿಕ್ಕಿದ ನಲವತ್ತನ್ನು ಆರಿಸದೆ ತೆಗೆದು ಸೀಳಿ ನೋಡಿ.

ಉದಾಹರಣೆಗೆ, ಒಂದು ವಾರದಲ್ಲಿ ಇಪ್ಪತ್ತು ಮರಗಳಡಿ 120 ನಳ್ಳಿ ಬಿದ್ದಿವೆ ಎಂದುಕೊಳ್ಳಿ. ಸೀಳಿದ 40ರಲ್ಲಿ 14ಕ್ಕೆ ಚುಚ್ಚಿದ ಗುರುತಿದೆ. ಅಂದರೆ ನೂರಕ್ಕೆ 35. ಹಾಗಾದರೆ 120ರಲ್ಲಿ ತಿಗಣೆಯ ಪಾಲು ಸುಮಾರು 42, ಮರಕ್ಕೆ ಸರಾಸರಿ ಎರಡು. ಉಳಿದ 78 ಬೇರೆ ಕಾರಣಗಳಿಂದ ಬಿದ್ದವು. ಈ ಲೆಕ್ಕವಿಲ್ಲದವನಿಗೆ 120 ಎಂಬ ಸಂಖ್ಯೆ ಮಾತ್ರ ಕಾಣುತ್ತದೆ. ಅವನು ಹೆದರಿ ಮದ್ದಿಗೆ ಓಡುತ್ತಾನೆ.

ಒಂದು ವಾರದ ಸಂಖ್ಯೆಗಿಂತ ಮೂರು ವಾರಗಳ ಏರಿಳಿತ ಮುಖ್ಯ. ತಿಗಣೆಯ ಪಾಲು ಸತತ ಎರಡು ವಾರ ಏರಿದರೆ ನಾನು ಕ್ರಮಕ್ಕೆ ಇಳಿಯುತ್ತೇನೆ. ಇಳಿಯುತ್ತಿದ್ದರೆ ಕೈಕಟ್ಟಿ ಕಾಯುತ್ತೇನೆ. ಇದು ಯಾವ ಪುಸ್ತಕದ ನಿಯಮವೂ ಅಲ್ಲ, ನನ್ನ ತೋಟದ ರೂಢಿ ಮಾತ್ರ. ಯಾವ ಭಾಗದಲ್ಲಿ ಹೆಚ್ಚೋ ಆ ಭಾಗದಲ್ಲಿ ಮಾತ್ರ ಕೆಲಸ ಮಾಡಿದರೆ ಸಾಕು ಎಂಬುದೂ ಈ ಲೆಕ್ಕದಿಂದಲೇ ತಿಳಿಯುತ್ತದೆ.

ತರಕಾರಿ ಸಾಲು ಮತ್ತು ತೋಟದ ಸಂಬಂಧ

ನಾತದ ತಿಗಣೆಗಳಲ್ಲಿ ಹೆಚ್ಚಿನವು ಒಂದೇ ಬೆಳೆಯನ್ನು ನಂಬಿ ಬದುಕುವುದಿಲ್ಲ. ಎಲ್ಲಿ ಎಳೆಯ ಕಾಯಿ ಇದೆಯೋ ಅಲ್ಲಿಗೆ ಹೋಗುತ್ತವೆ. ನಮ್ಮ ಮನೆಯಂಗಳದ ಅಲಸಂಡೆಯ ಚಪ್ಪರ, ಹಾಗಲ, ಬೆಂಡೆ, ಬದನೆಯ ಸಾಲುಗಳು ಇವಕ್ಕೆ ಛತ್ರವಿದ್ದಂತೆ. ಅಲಸಂಡೆಯ ಕೋಡು ಸೊಟ್ಟಗಾಗಿ ಒಳಗಿನ ಬೀಜ ಜೊಳ್ಳಾಗಿದ್ದರೆ ಹಸಿರು ತಿಗಣೆಯನ್ನೋ ಅದರ ಬಂಧುಗಳನ್ನೋ ಹುಡುಕಿ ನೋಡಿ.

ತರಕಾರಿ ಸಾಲಿನಲ್ಲಿ ಮಾಡಬೇಕಾದ ಕೆಲಸಕ್ಕೆ ಖರ್ಚಿಲ್ಲ. ಬೆಳಗ್ಗೆ ಬಿಸಿಲೇರುವ ಮೊದಲು ಈ ಕೀಟಗಳು ಜಡವಾಗಿರುತ್ತವೆ, ಹಾರುವುದು ಕಡಿಮೆ. ಸಾಬೂನು ನೀರಿನ ಬಾಲ್ದಿಯನ್ನು ಗಿಡದ ಕೆಳಗೆ ಹಿಡಿದು ಕೊಂಬೆಯನ್ನು ತಟ್ಟಿ. ಬೆದರಿದ ತಿಗಣೆ ಕೈಬಿಟ್ಟು ಕೆಳಕ್ಕೆ ಬೀಳುವ ಸ್ವಭಾವದ್ದು. ಬಾಲ್ದಿಯಲ್ಲೇ ಬಿದ್ದು ಸಾಯುತ್ತದೆ. ಎಲೆಯಡಿಯ ಮೊಟ್ಟೆಯ ಗುಂಪನ್ನು ಎಲೆ ಸಮೇತ ಕಿತ್ತು ಹಾಕಿ.

ಇಲ್ಲಿ ಒಂದು ಎಚ್ಚರಿಕೆ. ಮೊಟ್ಟೆಗಳು ತಿಳಿ ಬಣ್ಣದಲ್ಲಿದ್ದರೆ ಕೀಳಿ. ಬೂದು ಅಥವಾ ಕಪ್ಪಾಗಿದ್ದರೆ ಬಿಟ್ಟುಬಿಡಿ. ಅವುಗಳ ಒಳಗೆ ಸಾಸಿವೆಗಿಂತ ಸಣ್ಣದಾದ ಪರೋಪಜೀವಿ ಕಣಜ ಬೆಳೆಯುತ್ತಿರುವ ಸಾಧ್ಯತೆ ಹೆಚ್ಚು. ಆ ಕಣಜ ಹೊರಬಂದು ಮತ್ತಷ್ಟು ತಿಗಣೆಯ ಮೊಟ್ಟೆಗಳನ್ನು ಹುಡುಕಿ ಅವುಗಳೊಳಗೆ ತನ್ನ ಮೊಟ್ಟೆ ಇಡುತ್ತದೆ. ಸಂಬಳವಿಲ್ಲದ ಈ ಆಳನ್ನು ನಾವೇ ಕೊಲ್ಲಬಾರದು. ಜೇಡಗಳೂ ಚಗಳಿ ಇರುವೆಗಳೂ ಇದೇ ಪಂಗಡಕ್ಕೆ ಸೇರಿದವು.

ಅಲಸಂಡೆಯ ಕೊಯ್ಲು ಮುಗಿದ ಮೇಲೆ ಬಳ್ಳಿಯನ್ನು ಚಪ್ಪರದಲ್ಲೇ ಒಣಗಲು ಬಿಡುವ ಅಭ್ಯಾಸ ನಮ್ಮಲ್ಲಿದೆ. ಬಳ್ಳಿ ಒಣಗಿದಂತೆ ತಿಗಣೆಗಳು ಹೊಸ ಆಹಾರಕ್ಕೆ ಹೊರಡುತ್ತವೆ, ಪಕ್ಕದಲ್ಲೇ ಅಡಿಕೆಯ ಗೊನೆ ಇರುತ್ತದೆ. ನಮ್ಮ ತೋಟದಲ್ಲಿ ಉದುರುವಿಕೆ ಮೊದಲು ಕಂಡದ್ದು ಚಪ್ಪರದ ಪಕ್ಕದ ಸಾಲಿನಲ್ಲಿ. ಕೊಯ್ಲು ಮುಗಿದೊಡನೆ ತಿಗಣೆಯನ್ನು ಬಾಲ್ದಿಗೆ ತಟ್ಟಿ, ಅನಂತರ ಬಳ್ಳಿಯನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿ. ಈ ಕ್ರಮ ತಿರುಗುಮುರುಗಾಗಬಾರದು.

ನಾನು ಮಾಡಿದ ತಪ್ಪು

ಮದ್ದಿನ ವಿಷಯಕ್ಕೆ ಬರುವ ಮೊದಲು ನನ್ನದೇ ಒಂದು ಸಂಗತಿಯನ್ನು ಹೇಳಬೇಕು. 1998ರ ಮಳೆಗಾಲ. ಪದವಿ ಮುಗಿಸಿ ತೋಟಕ್ಕೆ ಬಂದು ಕೆಲವು ವರ್ಷವಾಗಿತ್ತು. ಓದಿದವನೆಂಬ ಹಮ್ಮು ಇಳಿದಿರಲಿಲ್ಲ. ನಳ್ಳಿ ಉದುರುವುದನ್ನು ಕಂಡು ಇಡೀ ತೋಟಕ್ಕೆ ಎಂಡೋಸಲ್ಫಾನ್ ಬಿಡಿಸಿದೆ. ಆಗ ಅದು ಶಿಫಾರಸಿನಲ್ಲಿದ್ದ ಮದ್ದು, ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತಿತ್ತು. ತಂದೆಯವರು, "ಸೀಳಿ ನೋಡಿದೆಯಾ ಮಗಾ?" ಎಂದು ಒಂದೇ ಮಾತು ಕೇಳಿದರು. ನಾನು ನೋಡಿರಲಿಲ್ಲ.

ಸಂಜೆಗೆ ಮಳೆ ಬಂತು. ಮರುದಿನ ಬೆಳಗ್ಗೆ ತೋಡಿನಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ವಾರದೊಳಗೆ ಅಂಗಳದ ಬದಿಯ ಎರಡು ಜೇನುಪೆಟ್ಟಿಗೆಗಳು ಖಾಲಿಯಾದವು. ಮದ್ದು ಬಿಟ್ಟ ಆಳು ಎರಡು ದಿನ ತಲೆನೋವೆಂದು ಮಲಗಿದ್ದರು. ನಳ್ಳಿ ಆ ವರ್ಷ ಸ್ವಲ್ಪ ನಿಂತಿತು, ಮರುವರ್ಷ ಪುನಃ ಉದುರಿತು. ತಿಗಣೆ ತಿರುಗಿ ಬಂದಿತ್ತು. ಅದನ್ನು ತಿನ್ನುವ ಜೀವಿಗಳು ಅಷ್ಟು ಬೇಗ ಬರಲಿಲ್ಲ.

ನನ್ನ ತೋಟದ ಕಥೆ ಚಿಕ್ಕದು. ಕಾಸರಗೋಡಿನ ಎಣ್ಮಕಜೆ, ಪಡ್ರೆ ಮೊದಲಾದ ಊರುಗಳಲ್ಲಿಯೂ ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ ಕಡೆಗಳಲ್ಲಿಯೂ ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಇದೇ ಮದ್ದನ್ನು ಸುರಿದರು. ಅಲ್ಲಿಯೂ ಗುರಿ ರಸ ಹೀರುವ ಒಂದು ಕೀಟವೇ, ಗೇರಿನ ಚಹಾ ಸೊಳ್ಳೆ. 2000ದ ಸುಮಾರಿಗೆ ಆ ಸಿಂಪಡಣೆ ನಿಂತಿತು. ಅಲ್ಲಿನ ಮನೆಗಳಲ್ಲಿ ಮಲಗಿದಲ್ಲೇ ಬೆಳೆದ ಮಕ್ಕಳನ್ನೂ ಅವರನ್ನು ನೋಡಿಕೊಳ್ಳುತ್ತ ಮುದುಕರಾದ ತಾಯ್ತಂದೆಯರನ್ನೂ ನಮ್ಮಲ್ಲಿ ಅನೇಕರು ಕಂಡಿದ್ದಾರೆ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ಕೈಬಿಡಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಅದೇ ಮೇ ತಿಂಗಳಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆಗಳನ್ನು ತಡೆಯಿತು.

ಇಷ್ಟಾದರೂ ಕೆಲವರ ಕೊಟ್ಟಿಗೆಯ ಅಟ್ಟದಲ್ಲಿ ಹಳೆಯ ಡಬ್ಬ ಉಳಿದಿರಬಹುದು. ಅದನ್ನು ಬಳಸಬೇಡಿ, ತೋಡಿಗೆ ಸುರಿಯಬೇಡಿ, ಹೂಳಬೇಡಿ, ಗುಜರಿಯವನಿಗೆ ಕೊಡಬೇಡಿ. ಮುಚ್ಚಳ ಬಿಗಿಯಾಗಿಟ್ಟು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ, ಕೃಷಿ ಇಲಾಖೆಯ ಕಚೇರಿಗೆ ತಿಳಿಸಿ. ಹಳೆಯ ಪುಸ್ತಕಗಳಲ್ಲಿ ತಿಗಣೆಗೆ ಈ ಮದ್ದಿನ ಹೆಸರೇ ಇರುತ್ತದೆ. ಆ ಸಾಲಿಗೆ ಇಂದೇ ಅಡ್ಡಗೆರೆ ಎಳೆಯಿರಿ.

ಈಗ ಮಾಡಬಹುದಾದದ್ದು

ಮೊದಲು ತರಕಾರಿ ಸಾಲಿನ ಕೈಗೆಲಸ. ಎರಡನೆಯದಾಗಿ, ಗುರುತು ಮಾಡಿದ ಭಾಗದಲ್ಲಿ ಬಿದ್ದ ನಳ್ಳಿಯನ್ನು ವಾರ ವಾರ ಹೆಕ್ಕುವುದು. ಬೆಳೆದ ತಿಗಣೆ ಬಿದ್ದ ಕಾಯಿಯೊಳಗೆ ಕುಳಿತಿರುವುದಿಲ್ಲ; ಹೆಕ್ಕಿದ ಮಾತ್ರಕ್ಕೆ ಮೇಲಿನ ಕೀಟ ಸಾಯುವುದಿಲ್ಲ. ಆದರೆ ಲೆಕ್ಕ ಸರಿಯಾಗುತ್ತದೆ, ಕೊಳೆಯ ಕಾಯಿ ಇದ್ದರೆ ಅದೂ ತೋಟದಿಂದ ಹೊರಗೆ ಹೋಗುತ್ತದೆ. ಮೂರನೆಯದಾಗಿ, ಬೇವಿನ ಸಿದ್ಧತೆಗಳು. ಇವು ಹೊಡೆದೊಡನೆ ಕೊಲ್ಲುವ ಮದ್ದಲ್ಲ. ಕೀಟ ತಿನ್ನುವುದನ್ನು ಕಡಿಮೆ ಮಾಡಿ ಮರಿಯ ಬೆಳವಣಿಗೆಯನ್ನು ಕೆಡಿಸುತ್ತವೆ. ತರಕಾರಿಗೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನೊಂದಿಗೆ ಕದಡಿ ಸಂಜೆ ಹೊತ್ತು ಎಲೆಯಡಿಗೆ ತಾಗುವಂತೆ ಸಿಂಪಡಿಸಬಹುದು.

ರಾಸಾಯನಿಕ ಕೊನೆಯ ಉಪಾಯ. ಅದು ಬೇಕೇ ಬೇಕು ಎಂದು ಕಂಡರೆ ನಿಮ್ಮ ಮೂರು ವಾರಗಳ ಲೆಕ್ಕವನ್ನೂ ಸೀಳಿದ ನಳ್ಳಿಯನ್ನೂ ಒಂದೆರಡು ತಿಗಣೆಗಳನ್ನೂ ಸಣ್ಣ ಬಾಟಲಿಯಲ್ಲಿ ಹಾಕಿ ವಿಟ್ಲದ ಕೇಂದ್ರಕ್ಕೋ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋರಿಸಿ, ಅವರು ಲಿಖಿತವಾಗಿ ಕೊಟ್ಟ ಮದ್ದನ್ನು ಮಾತ್ರ ಬಳಸಿ. ಗೊನೆಗೆ ಮಾತ್ರ ಬಿಡಿ, ಇಡೀ ಮರಕ್ಕಲ್ಲ. ಜೇನು ಹಾರುವ ಬೆಳಗಿನ ಹೊತ್ತು ಬೇಡ. ಮದ್ದು ಬಿಡುವವರಿಗೆ ಕೈಚೀಲ, ಮುಖವಸ್ತ್ರ ಕೊಡುವುದು ಧರ್ಮವಲ್ಲ, ಕರ್ತವ್ಯ.

ಹೊರಗಿನಿಂದ ಬರುವ ಬಂಧುಗಳು

ನಮ್ಮ ತಿಗಣೆ ಇದೇ ನೆಲದ್ದು. ಆದರೆ ಅದರದೇ ಕುಲದ ಇನ್ನೊಂದು ಜಾತಿ, ಹಾಲಿಯೋಮೋರ್ಫಾ ಹಾಲಿಸ್, ಚೀನಾ, ಜಪಾನ್, ಕೊರಿಯಾಗಳ ಮೂಲನಿವಾಸಿ. 1990ರ ದಶಕದಲ್ಲಿ ಅದು ಸರಕಿನೊಂದಿಗೆ ಅಮೇರಿಕದ ಪೆನ್ಸಿಲ್ವೇನಿಯಾ ರಾಜ್ಯಕ್ಕೆ ಹೋಯಿತು. ಮೊದಲು ಮನೆಯ ಗೋಡೆಯ ಸಂದಿಯಲ್ಲಿ ಚಳಿ ಕಳೆಯುವ ಉಪದ್ರವವೆಂದು ಕಂಡಿತು. 2010ರಲ್ಲಿ ಅಲ್ಲಿನ ಪೂರ್ವ ರಾಜ್ಯಗಳ ಸೇಬಿನ ತೋಟಗಳಿಗೆ 37 ಮಿಲಿಯ ಡಾಲರ್ ನಷ್ಟ ಮಾಡಿತು. ಇಟಲಿಯ ಪೇರು ಬೆಳೆಗಾರರನ್ನೂ ಜಾರ್ಜಿಯಾ ದೇಶದ ಹೇಜಲ್ ಕಾಯಿಯವರನ್ನೂ ಅಳಿಸಿತು. 2018ರ ಫೆಬ್ರವರಿಯಲ್ಲಿ ಜಪಾನಿನಿಂದ ಕಾರು ಹೊತ್ತು ಬಂದ ಹಡಗುಗಳಲ್ಲಿ ಈ ತಿಗಣೆ ಕಂಡಾಗ ನ್ಯೂಜಿಲೆಂಡ್ ಆ ಹಡಗುಗಳನ್ನು ಸರಕಿಳಿಸಲು ಬಿಡದೆ ಕಳುಹಿಸಿತು.

ತವರಿನಲ್ಲಿ ಸಾಧಾರಣವಾಗಿದ್ದ ಕೀಟ ಪರವೂರಿನಲ್ಲಿ ರಾಕ್ಷಸನಾಗುವುದೇಕೆ? ಅದು ತನ್ನ ಶತ್ರುಗಳನ್ನು ತವರಿನಲ್ಲಿ ಬಿಟ್ಟು ಬಂದಿರುತ್ತದೆ. ತವರಿನಲ್ಲಿ ಅದರ ಮೊಟ್ಟೆಯನ್ನು ಹಿಡಿಯುವ ಟ್ರಿಸ್ಸೋಲ್ಕಸ್ ಎಂಬ ಪುಟ್ಟ ಕಣಜವನ್ನು ಇಟಲಿಯವರು 2020ರಲ್ಲಿ ಬಿಡುಗಡೆ ಮಾಡಬೇಕಾಯಿತು. ಎದುರು ದಿಕ್ಕಿನ ಉದಾಹರಣೆಯೂ ಇದೆ. ನಮ್ಮಲ್ಲಿ ಕೋಸು, ಸಾಸಿವೆಗಳ ಮೇಲೆ ಕಾಣುವ ಬಣ್ಣದ ತಿಗಣೆ, ಬಾಗ್ರಾಡ, 2008ರಲ್ಲಿ ಕ್ಯಾಲಿಫೋರ್ನಿಯಾ ಸೇರಿ ಅಲ್ಲಿನ ಕೋಸಿನ ಬೆಳೆಗಾರರ ನಿದ್ದೆ ಕೆಡಿಸಿತು.

ಕಾಫಿಯ ಸದಸ್ಯರು ಇದು ತಮ್ಮ ಪಾಠವಲ್ಲ ಎಂದುಕೊಳ್ಳಬಾರದು. ಪೂರ್ವ ಆಫ್ರಿಕದಲ್ಲಿ ಆಂಟೆಸ್ಟಿಯ ಎಂಬ ನಾತದ ತಿಗಣೆ ಅರೇಬಿಕಾದ ದೊಡ್ಡ ವೈರಿ. ರುವಾಂಡ, ಬುರುಂಡಿಗಳ ಕಾಫಿಯಲ್ಲಿ ಹಸಿ ಬಟಾಟೆಯ ವಾಸನೆ ಬರುವ ದೋಷಕ್ಕೂ ಈ ತಿಗಣೆಯ ಚುಚ್ಚುವಿಕೆಗೂ ಸಂಬಂಧ ಕಂಡಿದ್ದಾರೆ. ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡದ್ದು, ಅಲ್ಲಿಂದ ಕೊಡಗಿಗೆ ಬಂದದ್ದು ನಿಮಗೆ ಮರೆತಿರಲಾರದು. ಹೊಸ ಕೀಟವನ್ನು ಮೊದಲ ವರ್ಷವೇ ಕಂಡವನಿಗೂ ಐದನೆಯ ವರ್ಷ ಕಂಡವನಿಗೂ ಬರುವ ಖರ್ಚು ಒಂದೇ ಅಲ್ಲ.

ನಮ್ಮ ಕಚೇರಿಯ ಕಿಟಕಿಯಿಂದ ನೋಡಿದರೆ ಈ ಮಾತು ಅರ್ಥವಾಗುತ್ತದೆ. ಪಂಪ್‌ವೆಲ್‌ನಲ್ಲಿ ಬೆಂಗಳೂರಿನ 75ನೇ ಹೆದ್ದಾರಿಯೂ ಕರಾವಳಿಯ 66ನೇ ಹೆದ್ದಾರಿಯೂ ಸೇರುತ್ತವೆ. ಘಟ್ಟದ ತರಕಾರಿ, ತಲಪಾಡಿ ದಾಟಿ ಬರುವ ಹಣ್ಣು, ಪಣಂಬೂರಿನ ಬಂದರಿನಲ್ಲಿ ಇಳಿದ ಮರದ ದಿಮ್ಮಿ, ಕಚ್ಚಾ ಗೇರುಬೀಜ ಎಲ್ಲವೂ ಈ ದಾರಿಗಳಲ್ಲೇ ಓಡಾಡುತ್ತವೆ. 2020ರಲ್ಲಿ ಮೇಲ್ಸೇತುವೆ ತೆರೆದ ಮೇಲೆ ಇನ್ನೂ ಬೇಗ ಓಡುತ್ತವೆ. ಬಂದರಿನ ತಪಾಸಣೆ ತನ್ನ ಕೆಲಸ ಮಾಡಲಿ. ಕೊನೆಯ ತಪಾಸಣೆಗಾರ ಮಾತ್ರ ತೋಟದ ಯಜಮಾನನೇ.

ಕಂಡರಿಯದ ಕೀಟ ಕಂಡರೆ ಮದ್ದು ಹೊಡೆಯುವ ಮೊದಲು ನಾಲ್ಕು ಕೆಲಸ ಮಾಡಿ: ಹಿಡಿದು ಬಾಟಲಿಯಲ್ಲಿ ಹಾಕಿ, ಯಾವ ಗಿಡ, ಯಾವ ದಿನ ಎಂದು ಚೀಟಿ ಅಂಟಿಸಿ, ಫೋಟೋ ತೆಗೆಯಿರಿ, ಸಂಘಕ್ಕೆ ತನ್ನಿ. ಆ ಗಿಡವನ್ನಾಗಲಿ ಕಾಯಿಯನ್ನಾಗಲಿ ನೆಂಟರ ಮನೆಗೆ ಕಳುಹಿಸಬೇಡಿ.

ಅಭ್ಯಾಸ

1. ನಿಮ್ಮ ತೋಟದಲ್ಲಿ ಇಪ್ಪತ್ತು ಮರಗಳಿಗೆ ಗುರುತು ಹಾಕಿ, ಅವು ಎಲ್ಲಿವೆ ಎಂದು ಬರೆದಿಡಿ.
2. ಇಂದು ಬಿದ್ದ ಹತ್ತು ನಳ್ಳಿಯನ್ನು ಸೀಳಿ, ನಾಲ್ಕು ಕಾರಣಗಳಲ್ಲಿ ಯಾವುದಕ್ಕೆ ಎಷ್ಟು ಎಂದು ವಿಂಗಡಿಸಿ.
3. ತರಕಾರಿ ಸಾಲಿನಲ್ಲಿ ಒಂದು ಮೊಟ್ಟೆಯ ಗುಂಪನ್ನು ಹುಡುಕಿ, ಅದರ ಬಣ್ಣ ನೋಡಿ ಕೀಳಬೇಕೋ ಬಿಡಬೇಕೋ ಹೇಳಿ. ಮನೆಯ ಮಕ್ಕಳಿಗೂ ತೋರಿಸಿ.
4. ಕೊಟ್ಟಿಗೆಯ ಅಟ್ಟವನ್ನು ಒಮ್ಮೆ ಪರೀಕ್ಷಿಸಿ.

ಮೊದಲಿಗೆ ಹೇಳಿದ ಹಿರಿಯ ಸದಸ್ಯರು ಅಂದು ಮೈಲುತುತ್ತು ಒಯ್ಯದೆ ಹಿಂದಿರುಗಿದರು. ಮೂರು ವಾರದ ಲೆಕ್ಕವನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತಂದರು. ತಿಗಣೆ ಇದ್ದದ್ದು ಚಪ್ಪರದ ಬದಿಯ ಎರಡು ಸಾಲಿನಲ್ಲಿ ಮಾತ್ರ. ಅವರ ಮನೆಯವರೂ ಮೊಮ್ಮಗಳೂ ಬಾಲ್ದಿ ಹಿಡಿದು ನಾಲ್ಕು ಬೆಳಗ್ಗೆ ಕೆಲಸ ಮಾಡಿದರಂತೆ. ಮುಂದಿನ ವಾರಗಳಲ್ಲಿ ಲೆಕ್ಕ ಇಳಿಯಿತು. "ನಿಮ್ಮ ಸಂಘಕ್ಕೆ ವ್ಯಾಪಾರ ಹೋಯಿತಲ್ಲ ಕಾರ್ಯದರ್ಶಿಗಳೇ" ಎಂದು ನಕ್ಕರು. ಅಂಥ ವ್ಯಾಪಾರ ಹೋದರೆ ಸಂಘಕ್ಕೆ ನಷ್ಟವಿಲ್ಲ.

ಉಳಿದವರೂ ತಮ್ಮ ಲೆಕ್ಕದ ಹಾಳೆಗಳನ್ನು ಜುಲೈ ಕೊನೆಯೊಳಗೆ ಕಚೇರಿಗೆ ತಲುಪಿಸಬೇಕಾಗಿ ವಿನಂತಿ. ಊರೂರಿನ ಲೆಕ್ಕ ಒಟ್ಟುಗೂಡಿದರೆ ಬರುವ ವರ್ಷ ಯಾವ ಕಡೆ ಯಾವಾಗ ಎಚ್ಚರವಾಗಿರಬೇಕೆಂದು ಮೊದಲೇ ಹೇಳಲು ಸಾಧ್ಯವಾದೀತು.

— ಕಾರ್ಯದರ್ಶಿ